ಬಿಸಿಲಲ್ಲಿ ಕಟ್ಟಿದ ಚೈನು

ದೋನ್ಯಾ ಹೆರ್ಮಿನಿಯಾ ಅವರ ಬಾಯಿಗೆ ಹೆದರದ ಲಾರಿ ಡ್ರೈವರನ್ನು ನಾನು ಈ ದಾರಿಯಲ್ಲಿ ಕಂಡಿಲ್ಲ. ಅರ್ಜೆಂಟೀನಾದಿಂದ ಚಿಲಿಗೆ ಹತ್ತುವ ಘಟ್ಟ ಶುರುವಾಗುವ ಮುಂಚೆ, ಉಸ್ಪಲ್ಯಾಟಾದಲ್ಲಿ, ಅವರದೊಂದು ಟೈರಿನ ಅಂಗಡಿ. ಅರವತ್ತು ದಾಟಿದ ಹೆಂಗಸು, ಅದಕ್ಕೇ ಎಲ್ಲರಿಗೂ ದೋನ್ಯಾ, ಅಂದರೆ ಅಮ್ಮಾವ್ರು. ಒಳಗೆ ಗಂಡ ಅಡುಗೆ ಮಾಡುತ್ತಾನೆ, ಹೊರಗೆ ಇವರು ನನ್ನೆದೆಯೆತ್ತರದ ಚಕ್ರ ಬಿಚ್ಚುತ್ತಾರೆ. ಗಂಡ ಸಾರಿಗೆ ಉಪ್ಪು ಮರೆತರೂ ಬೈಗುಳ ನಮಗೇ.

ಚಳಿಗಾಲದಲ್ಲಿ ಚೈನಿಲ್ಲದ ಲಾರಿಯನ್ನು ಪೊಲೀಸರು ಘಟ್ಟಕ್ಕೆ ಬಿಡುವುದಿಲ್ಲ. ಹಿಮದಲ್ಲಿ ಜಾರದಂತೆ ಟೈರಿನ ಸುತ್ತ ಬಿಗಿಯುವ ಕಬ್ಬಿಣದ ಚೈನು ಅದು. ಆದರೆ ಅವರು ನೋಡುವುದು ಚೈನು ಇದೆಯೋ ಇಲ್ಲವೋ ಅಂತ, ಅದು ನಮ್ಮ ಟೈರಿಗೆ ಕೂರುತ್ತದೋ ಅಂತಲ್ಲ. ಹಾಗಾಗಿ ನಮ್ಮ ಬ್ರೆಜಿಲಿನ ಡ್ರೈವರುಗಳು ಯಾವುದೋ ಅಳತೆಯ ಚೈನನ್ನು ಬಾಡಿಗೆಗೆ ತಂದು, ತೋರಿಸಿ, ಮುಂದೆ ಹೋಗಿಬಿಡುತ್ತಿದ್ದರು. ನಾನಂತೂ ಬ್ರೆಜಿಲಿನ ಈಶಾನ್ಯದ ಪಿಯಾವಿಯ ಸೆಕೆಯಲ್ಲಿ ಹುಟ್ಟಿದವನು, ಹಿಮ ನೋಡಿದ್ದು ಫ್ರಿಜ್ಜಿನೊಳಗೆ. ಮೊದಲ ಸಲ ಬಂದಾಗ ನಾನೂ ಹಾಗೇ ಕೇಳಿದೆ.

"ದೋನ್ಯಾ, ಒಂದು ಜೊತೆ ಚೈನು ಕೊಡಿ. ಸುಮ್ನೆ ತೋರ್ಸೋಕೆ."

"ತೋರ್ಸೋಕಾದ್ರೆ ನಿನ್ ಹಲ್ಲು ತೋರ್ಸು. ಇಲ್ಲಿ ಕಟ್ಟಿದೋರಿಗೆ ಮಾತ್ರ ನನ್ ಚೈನು."

ಕಣ್ಣು ಕುಕ್ಕುವ ಬಿಸಿಲು, ಒಣಗಿದ ಟಾರು ರಸ್ತೆ. ನಾನು ಮಂಡಿಯೂರಿ ಚೈನು ಕಟ್ಟತೊಡಗಿದೆ. ಇವೋಗೆ ಎದುರಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಚೈನು ಸಿಕ್ಕಿತ್ತು. ಅವನು ತನ್ನ ಲಾರಿಯಿಂದ ತಲೆ ಹೊರಹಾಕಿದ. ನಮ್ಮ ದೇಶದ ದಕ್ಷಿಣದವನು, ಮೂರು ಮಕ್ಕಳ ತಂದೆ, ಬಾಯಿಬಡುಕ.

"ಏನೋ ದಮಿಯಾನ್, ಲಾರಿಗೆ ಗೆಜ್ಜೆ ಕಟ್ತಿದೀಯಾ? ಕುಣಿಸ್ತೀಯಾ?"

ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕಟ್ಟಿ ಮುಗಿಸಿದರೆ ಈಯಮ್ಮ ಬಗ್ಗಿ ನೋಡಿ, "ಕೊಕ್ಕೆ ಒಳಗಡೆ ತಿರುಗಿದೆ, ಟೈರು ಕೊಯ್ದುಬಿಡತ್ತೆ. ಬಿಚ್ಚು ಮಗಾ," ಅಂದರು. ಮತ್ತೆ ಕಟ್ಟಿದೆ. "ಈಗ ಸ್ವಲ್ಪ ಮುಂದೆ ಹೋಗಿ ನಿಲ್ಸು. ಸಡಿಲ ಆಗಿರತ್ತೆ, ಮತ್ತೆ ಬಿಗಿ." ಮನಸ್ಸಿನಲ್ಲೇ ಶಾಪ ಹಾಕುತ್ತ ಅದನ್ನೂ ಮಾಡಿ, ಚೈನು ಬಿಚ್ಚಿ ಲಾರಿಗೇರಿಸಿಕೊಂಡೆ.

ಘಟ್ಟದ ಮೇಲೆ, ಗಡಿಯ ಸುರಂಗದ ಬಾಯಲ್ಲಿರುವ ಲಾಸ್ ಕ್ವೇವಾಸ್ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಹಿಮ ಸುರಿಯತೊಡಗಿತು. ಮುಂದೆ ಇವೋ ಗಾಡಿ ನಿಲ್ಲಿಸಿ ಚೈನು ಹೊರತೆಗೆದ. ಎಷ್ಟು ಎಳೆದರೂ ಎರಡು ತುದಿಗಳ ನಡುವೆ ಒಂದು ಗೇಣು ಬಾಕಿ. ಅದು ಚಿಕ್ಕ ಲಾರಿಯ ಚೈನು.

"ಸುರಂಗ ಇಲ್ಲೇ ಇದೆ, ಹೆಂಗೋ ದಾಟ್ಕೋತೀನಿ," ಅಂದ. ಬೇಡ ಅಂದೆ, ಕೇಳಲಿಲ್ಲ. ನಾನು ನನ್ನ ಚೈನು ಕಟ್ಟಿ, ಸ್ವಲ್ಪ ಮುಂದೆ ಹೋಗಿ, ಮತ್ತೆ ಬಿಗಿದು, ನಿಧಾನಕ್ಕೆ ಅವನ ಹಿಂದೆ ಹೋದೆ.

ಏರಿನಲ್ಲಿ ಅವನ ಚಕ್ರ ಇದ್ದಲ್ಲೇ ಸುತ್ತಿತು. ಲಾರಿ ನಿಂತಿತು. ಆಮೇಲೆ ಹಿಂದಕ್ಕೆ ಜಾರತೊಡಗಿತು. ಬಲಗಡೆ ಕಂದಕ. ಬ್ರೇಕಿನ ಕೆಂಪು ದೀಪ ಉರಿಯುತ್ತಲೇ ಇದೆ, ಗಾಡಿ ಮಾತ್ರ ನನ್ನ ಕಡೆಗೇ ಬರುತ್ತಿದೆ. ನನ್ನ ಹಿಂದೆ ಲಾರಿಗಳ ಸಾಲು, ಹೋಗುವುದಾದರೂ ಎಲ್ಲಿಗೆ? ಬ್ರೇಕ್ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡೆ.

ಧಡ್ ಎಂದಿತು. ನನ್ನ ಲಾರಿ ಒಂದಿಷ್ಟು ಹಿಂದೆ ಸರಿಯಿತು. ಕೆಳಗೆ ಕಬ್ಬಿಣ ಕರಕರ ಅಂದಿತು, ಚೈನು ರಸ್ತೆಯನ್ನು ಕಚ್ಚಿ ಹಿಡಿಯಿತು. ಎರಡು ಲಾರಿಗಳ ಭಾರವನ್ನೂ ಹೊತ್ತು ನಿಂತಿತು. ಹಿಮದ ರಸ್ತೆಗೆ ಮರಳು ಸುರಿಯುವ ಗಾಡಿ ಬರುವ ತನಕ ಇವೋನ ಲಾರಿ ನನ್ನ ಬಂಪರಿಗೆ ಒರಗಿಯೇ ಇತ್ತು. ಅವನು ಇಳಿದು ಬಂದು ನನ್ನ ಪಕ್ಕ ಕೂತ.

ವಾಪಸ್ ಬರುವಾಗ ಇಬ್ಬರೂ ದೋನ್ಯಾ ಅಂಗಡಿಗೆ ಹೋದೆವು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ನಜ್ಜುಗುಜ್ಜಾದ ಬಂಪರನ್ನು ಒಮ್ಮೆ ಸವರಿದರು, ಇವೋನ ಮುಖ ನೋಡಿದರು, ಬೈಯಲಿಲ್ಲ. ಸೋರೆ ಬುರುಡೆಗೆ ಯೆರ್ಬಾ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಆ ಕಹಿ ಕಷಾಯವನ್ನು ಅವನ ಕೈಗಿಟ್ಟರು.

ಅವನ ಪರವಾಗಿ ನಾನೇ ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ. ಇವೋ ನನ್ನ ಮೊಣಕೈ ತಿವಿದ; ಅವನ ದಕ್ಷಿಣದ ಕಡೆಯೂ ಇದನ್ನೇ ಕುಡಿಯುತ್ತಾರೆ. "ಹೇಳ್ಬೇಡ್ವೋ. ಇದನ್ನ ಕುಡೀವಾಗ ಥ್ಯಾಂಕ್ಸ್ ಅಂದ್ರೆ ನಂಗಿನ್ನು ಸಾಕು ಅಂತ ಅರ್ಥ. ಆಮೇಲೆ ಕೊಡಲ್ಲ."

ಅವನು ಕುಡಿದು ಬುರುಡೆ ವಾಪಸ್ ಕೊಟ್ಟ. ಅವರು ತುಂಬಿಸಿದರು. ಮತ್ತೆ ಕುಡಿದ, ಮತ್ತೆ ಕೊಟ್ಟ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೆಟಲ್ ಖಾಲಿಯಾಯಿತು. ದೋನ್ಯಾ ಒಳಗಿದ್ದ ಗಂಡನಿಗೆ, "ಇನ್ನೊಂದು ಕೆಟಲ್ ನೀರಿಡ್ರೀ, ಈ ಹುಡುಗನಿಗೆ ಇನ್ನೂ ಸಾಕಾಗಿಲ್ಲ," ಎಂದರು.