ಹೊರಗಿನ ಚಿಲಕ

ಗೋದಾಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದವನು ನಾನೇ. ಒಳಗೆ, ಚೀಲಗಳ ಹಿಂದೆ, ನನ್ನ ಹೆಂಡತಿ ಗಿರಿಜಾ ಮೆಣಸಿನಕಾಯಿ ಆರಿಸುತ್ತಿದ್ದಳು.

ಅದು ನನಗೆ ಗೊತ್ತಿರಲಿಲ್ಲ — ಖರೆ. ಆದರೆ ಚಿಲಕ ಹಾಕಿದ್ದು ನನ್ನ ಅಪರಾಧದ ಸಣ್ಣ ಭಾಗ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಕಿಡಿ ತಾಗಿದರೆ ಮೊದಲು ಬಾಗಿಲು ಮುಚ್ಚುತ್ತೇವೆ. ಘಾಟು ಹೊರಬಿದ್ದರೆ ಓಣಿಯೆಲ್ಲ ಕೆಮ್ಮುತ್ತ ನಮ್ಮ ವಂಶವನ್ನು ಹರಸುತ್ತದೆ. ಅಂದು ಒಂದು ಚೀಲ ಹೊತ್ತಿಕೊಂಡಾಗ ಈ ಘನ ಸಂಪ್ರದಾಯವನ್ನು ಪಾಲಿಸಿ, ಬಾಗಿಲು ಮುಚ್ಚಿ, ನಾನು ನೀರು ತರಲು ಓಡಿದೆ. ಮರಳಿ ಬಂದು ಚಿಲಕ ತೆಗೆದರೆ ಅವಳು ಹೊಸ್ತಿಲಲ್ಲೇ ಬಿದ್ದಿದ್ದಳು. ಆಮೇಲೆ ನೆರೆದವರಿಗೆ ಹೇಳಿದೆ: “ಗಾಬರಿಯೊಳಗ ಆಕೀಗೆ ಬಾಗಲಾ ತೆಗೀಲಿಕ್ಕೆ ಬರಲಿಲ್ಲ.”

ಅವಳೂ ನಂಬಿದಳು.

ಮೈ ವಾರದಲ್ಲಿ ಸುಧಾರಿಸಿತು. ಮನಸ್ಸು ಸುಧಾರಿಸಲಿಲ್ಲ; ಒಗ್ಗರಣೆಯ ಹೊಗೆ ಎದ್ದರೂ ಅಂಗಳಕ್ಕೆ ಓಡುತ್ತಿದ್ದಳು. ರಾಣೆಬೆನ್ನೂರಿನಲ್ಲಿ ರೋಗಿಯ ಕಣ್ಣು ಎಡಬಲಕ್ಕೆ ಆಡಿಸುತ್ತ, ಆದದ್ದನ್ನು ನೆನಪಿಗೆ ತಂದು ಮನಸ್ಸಿನ ಗಾಯ ಮಾಯಿಸುವ ವೈದ್ಯೆಯೊಬ್ಬರಿದ್ದರು. ಕರೆದೊಯ್ದೆ. ಮೂರನೆಯ ಭೇಟಿಯಲ್ಲಿ ಅವರು ಎರಡು ಬೆರಳೆತ್ತಿ ಎಡಕ್ಕೂ ಬಲಕ್ಕೂ ಆಡಿಸಿದರು. ಗಿರಿಜಾಳ ಕಣ್ಣು ಅವುಗಳ ಹಿಂದೆ ಹೋಯಿತು. “ಆ ಹೊತ್ತು ನೆನಸ್ಕೊಳ್ರಿ. ಏನ್ ಕಾಣ್ತೈತ್ರಿ?”

“ನನ್ನ ಕೈ. ಬಾಗಲಾ ತೆಗೀಲಿಕ್ಕೆ ಬರದ ದರಿದ್ರ ಕೈ.”

ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಬೆರಳು ಇನ್ನೆರಡು ಸಲ ಆಡಿದರೆ ಇವಳಿಗೆ ಚಿಲಕದ ಸಪ್ಪಳವೂ ಕೇಳಿಸೀತು ಎಂದು ಹೆದರಿದೆ.

ಅಂದು ಸಂಜೆ ಮನೆಗೆ ಬೀಗರು ಬಂದಿದ್ದರು. ಒಂದು ಒಣಮೆಣಸಿನಕಾಯಿ ಹಿಡಿದು ಅವಳ ಕಣ್ಣೆದುರು ಆಡಿಸಿದೆ. “ಎಡಕ್ಕ ನೋಡವಾ, ಬಲಕ್ಕ ನೋಡವಾ. ಡಾಕ್ಟರು ನಮ್ಮಾಕೀಗೆ ರಸ್ತಾ ದಾಟೂದು ಕಲಸಾಕತ್ತಾರ್ರಿ.” ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ನಾಚಿ ಮತ್ತೆಂದೂ ರಾಣೆಬೆನ್ನೂರಿನ ಬಸ್ಸು ಹತ್ತಲಿಲ್ಲ. ನನ್ನ ಉದ್ದೇಶವೂ ಅದೇ ಆಗಿತ್ತು.

ಆರು ವರ್ಷ ಕಳೆಯಿತು. ಹೋದ ವಾರ ಅವಳ ಕೈಯಿಂದ ಲೋಟ ಜಾರಿತು. “ಈ ಕೈನ ಹಂಗರೀ, ಯಾತಕ್ಕೂ ಬರೂದಿಲ್ಲ” ಎಂದಳು — ಬೈಗುಳವಾಗಿಯಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. ಆಗ ಹೇಳಿದೆ. ಚಿಲಕದ್ದು, ಸುಳ್ಳಿನದು, ಮೆಣಸಿನಕಾಯಿಯ ನಾಟಕದ್ದು, ಎಲ್ಲ.

ಅವಳು ಲೋಟ ಎತ್ತಿಟ್ಟಳು. “ನಾ ದಿನಾ ಈ ಕೈನ ಬೈಕೊಂಡೇನ್ರೀ,” ಎಂದಳು. “ನೀವು ಕೇಳಕೋಂತ ಕುಂತಿದ್ರಿ.”



ವೈದ್ಯೆಗೆ ಅವಳೇ ಫೋನು ಮಾಡಿದಳು. ಇಂದು ರಾಣೆಬೆನ್ನೂರಿಗೆ ಬಂದಿದ್ದೇವೆ. “ನೀವು ಒಳಗ ಬರಬ್ಯಾಡ್ರಿ” ಎಂದು ತಾನೇ ಬಾಗಿಲು ತೆರೆದುಕೊಂಡು ಹೋದಳು. ನಾನು ಹೊರಗಿನ ಬೆಂಚಿನ ಮೇಲಿದ್ದೇನೆ. ಅವಳಿಗೆ ಏನೇನು ನೆನಪಾಗಬೇಕೋ ಅಷ್ಟೂ ಆಗಲಿ.