ಬೂದು ಕಾರಿಗೆ ಹಸಿರು ಚಕ್ರ

ಎಲ್ಡನ್ ಮಾಟುಲಿಚ್ ಚಕ್ರಗಳಿಗೆ ಬಣ್ಣ ಹಾಕುತ್ತಾನೆ. ಚಕ್ರಗಳಿಗೆ ಮಾತ್ರ. ಕಾರಿನ ಮೈಗೂ ಹಾಕಿಕೊಡು ಎಂದವರನ್ನು ರಸ್ತೆಯ ಆಚೆ ಬದಿಯ ಶೆಡ್ಡಿಗೆ ಕಳಿಸುತ್ತಾನೆ. ಫಾಂಟಾನಾದ ಉಕ್ಕಿನ ಕಾರ್ಖಾನೆ ಮುಚ್ಚಿದಾಗ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹೊಟ್ಟೆಪಾಡಿಗೆಂದು ಶುರು ಮಾಡಿದ ಕೆಲಸ. ಈಗ ಎಪ್ಪತ್ತು ದಾಟಿದೆ, ಕೆಲಸ ಬಿಟ್ಟಿಲ್ಲ. ಪೊಮೋನಾದಿಂದ ಸ್ಯಾನ್ ಬರ್ನಾರ್ಡಿನೋವರೆಗೆ ಹಾಟ್ ರಾಡ್ ಕಟ್ಟುವವರೆಲ್ಲ ಅವನನ್ನು ಬಲ್ಲರು.

ಹಳೆಯ ಕಾರು ತಂದು, ಮಡ್‌ಗಾರ್ಡ್ ಕಳಚಿ, ಚಾವಣಿ ಕತ್ತರಿಸಿ ತಗ್ಗಿಸಿ, ದೊಡ್ಡ ಎಂಜಿನ್ ಕೂರಿಸಿ, ಮೈಗೆ ಪ್ರೈಮರ್ ಬಳಿದು ನಿಲ್ಲಿಸುವ ಜನ ಇವರು. ಪ್ರೈಮರ್ ಎಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಹೊಳಪಿಲ್ಲದ ಲೇಪ. ಅದರ ಮೇಲೆ ಬಣ್ಣ ಬರಬೇಕು. ಹಲವರ ಕಾರಿಗೆ ಅದು ಬರುವುದೇ ಇಲ್ಲ, ಬರಬೇಕೆಂಬ ಆಸೆಯೂ ಮಾಲೀಕರಿಗೆ ಇರುವುದಿಲ್ಲ. ಹೀಗಾಗಿ ಇಡೀ ಗಾಡಿಯಲ್ಲಿ ಬಣ್ಣ ಅಂತ ಇರುವುದು ಚಕ್ರಗಳಲ್ಲಷ್ಟೇ. ಮಾಲೀಕನ ಮನಸ್ಸಿನಲ್ಲೇನಿದೆ ಎಂಬುದು ಹೊರಗೆ ಬೀಳುವುದೂ ಅಲ್ಲೇ ಎಂದು ಎಲ್ಡನ್ ನಂಬುತ್ತಾನೆ. ಆದ್ದರಿಂದ ಗ್ಯಾರೇಜಿಗೆ ಬಂದವರನ್ನು ಅವನು ಮೊದಲು ಕೇಳುವುದು ಯಾಕೆ ಎಂದು.

"ಕೆನೆ ಬಣ್ಣ ಬೇಕಿತ್ತು."

"ಯಾಕೆ?"

"ಸುಮ್ನೆ."

"ಸುಮ್ನೆ ಯಾರೂ ಕೆನೆ ಬಣ್ಣ ಹಾಕ್ಸಲ್ಲ ಕಣೋ. ಮದ್ವೆ ಆಗ್ತಿದ್ದೀಯಾ?"

ಹೀಗೆ ಕೇಳಿಸಿಕೊಂಡವನು ಆ ವಸಂತದಲ್ಲಿ ಮದುವೆಯಾದ. ಅಂದಿನಿಂದ ಎಲ್ಡನ್‌ನ ಅನುಮಾನಕ್ಕೆ ಊರಿನಲ್ಲಿ ಸ್ವಲ್ಪ ಬೆಲೆ ಬಂತು.

ಅವನು ಟ್ಯೂಬ್‌ಲೈಟಿನ ಬೆಳಕನ್ನು ನಂಬುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬಳಿದ ಮಾದರಿಯನ್ನೂ ನಂಬುವುದಿಲ್ಲ. ಹಳೆಯ ಚಕ್ರಗಳಿಗೆ ಬೇರೆ ಬೇರೆ ಬಣ್ಣ ಹಾಕಿಟ್ಟುಕೊಂಡಿದ್ದಾನೆ. ಅವುಗಳನ್ನು ಟೈರಿನ ಸಮೇತ ಒಂದೊಂದಾಗಿ ಕಾರಿಗೆ ಒರಗಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆ ದಾಟಿ ಹೋಗಿ, ಎದುರು ಮನೆಯ ಬೇಲಿಗೆ ಬೆನ್ನು ಕೊಟ್ಟು ನೋಡುತ್ತಾನೆ. ಕಪ್ಪು ಪ್ರೈಮರ್ ಯಾವ ಬಣ್ಣವನ್ನಾದರೂ ಹೊರುತ್ತದೆ. ಇಟ್ಟಿಗೆಗೆಂಪು ಪ್ರೈಮರ್‌ಗೆ ಕೆನೆ ಒಪ್ಪುತ್ತದೆ. ಬೂದು ಕಷ್ಟ, ಪಕ್ಕದ ಬಣ್ಣ ಯಾವುದಿದ್ದರೂ ಅದನ್ನು ಒಂದೋ ಅರಚುವಂತೆ ಮಾಡುತ್ತದೆ, ಇಲ್ಲ ಸಾಯಿಸುತ್ತದೆ.

ಇನ್ನು ಕೆಂಪು. ಬೂದು ಮೈಗೆ ಕೆಂಪು ಚಕ್ರ ಹಾಕಿದರೆ ಫೋಟೋದಲ್ಲಿ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಬಾಗಿಲ ಕೆಳಗಿನ ತುಕ್ಕು ಕಾಣುವುದಿಲ್ಲ. ಮಾರುವವರೆಲ್ಲ ಅದನ್ನೇ ಹಾಕಿಸುತ್ತಾರೆ. ಶನಿವಾರ ಬೆಳಗ್ಗೆ ಡೋನಟ್ ಅಂಗಡಿಯ ಮುಂದೆ ಕಾರು ನಿಲ್ಲಿಸಿಕೊಂಡು ಕಾಫಿ ಕುಡಿಯುವ ಗುಂಪಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಯಾರಾದರೂ ಕೆಂಪು ಚಕ್ರದಲ್ಲಿ ಬಂದರೆ, "ಓ, ತುಟಿಗೆ ಬಣ್ಣ ಬಂತು. ಗಂಡು ನೋಡಾಯ್ತಾ?" ಎಂದು ಶುರುವಾಗುತ್ತದೆ.

ಅಕ್ಟೋಬರ್‌ನಲ್ಲಿ ಚಾನೋ ಅರ್ಮೆಂಟಾ ನಾಲ್ಕು ಚಕ್ರ ಪಿಕಪ್ಪಿನಲ್ಲಿ ಹಾಕಿಕೊಂಡು ಬಂದು, "ಕೆಂಪು ಹಾಕು," ಎಂದಾಗ ಎಲ್ಡನ್ ಯಾಕೆ ಎಂದು ಕೇಳಲಿಲ್ಲ.

ಚಾನೋ ಗಿರಾಕಿಯಲ್ಲ. ಕಾರ್ಖಾನೆಯ ಕುಲುಮೆಯ ಮುಂದೆ ಅವನು, ಎಲ್ಡನ್, ಎಲ್ಡನ್‌ನ ತಮ್ಮ ಮಿಲೋ ಮೂವರೂ ಒಂದೇ ಪಾಳಿಯಲ್ಲಿ ನಿಂತವರು. ಕೆಲಸ ಹೋದ ವರ್ಷ ಮೂವರೂ ಸೇರಿ ೧೯೩೨ರ ಫೋರ್ಡ್ ಕೂಪೆಯೊಂದನ್ನು, ಎರಡೇ ಬಾಗಿಲಿನ ಪುಟ್ಟ ಕಾರನ್ನು, ಕಟ್ಟಿದರು. ಮೈಯ ತಗಡು ಚಾನೋ ತಂದದ್ದು, ಹಾಗಾಗಿ ಕಾರು ಅವನ ಹೆಸರಿನಲ್ಲಿದೆ. ಎಂಜಿನ್ ಮಿಲೋನದು. ಮೈಗೆ ಬೂದು ಪ್ರೈಮರ್ ಬಳಿದು, ಚಕ್ರಕ್ಕೆ ಸದ್ಯಕ್ಕಿರಲಿ ಎಂದು ಕಪ್ಪು ಹಾಕಿ, ಬಣ್ಣ ಯಾವುದೆಂದು ನಾನು ಹೇಳುತ್ತೇನೆ ಎಂದಿದ್ದ ಮಿಲೋ. ಹೇಳುವ ಮೊದಲೇ ತೀರಿಕೊಂಡ. ಆಮೇಲೆ ಆ ಕಾರಿಗೆ ಬಣ್ಣದ ಮಾತನ್ನು ಯಾರೂ ಎತ್ತಲಿಲ್ಲ. ತಮ್ಮನ ಕೈಯ ಕೆಲಸ ಅಂತ ಎಲ್ಡನ್‌ಗೆ ಉಳಿದಿರುವುದು ಅದೊಂದೇ. ಅದು ಎರಡು ಬೀದಿ ಆಚೆ ಚಾನೋನ ಮನೆಯಲ್ಲಿದೆ, ಶನಿವಾರ ಶನಿವಾರ ಕಾಣುತ್ತದೆ ಎಂಬುದೇ ಅವನಿಗೆ ಸಾಕಾಗಿತ್ತು.

"ಈಗ ಗಾಳಿ ಜಾಸ್ತಿ," ಎಂದ ಎಲ್ಡನ್. "ಧೂಳು ಕೂರುತ್ತೆ. ನಿಂತ ಮೇಲೆ ನೋಡೋಣ."

"ಆಗ್ಲಿ, ಅವಸರ ಏನಿಲ್ಲ," ಎಂದು ಚಾನೋ ಸ್ವಲ್ಪ ಹೊತ್ತು ಅಲ್ಲೇ ನಿಂತ. ಕೈಯಲ್ಲಿ ಹೊಸ ಊರುಗೋಲಿತ್ತು. "ಕೆಂಪು ಅಂದೆ, ಕೇಳಿಸ್ತು ತಾನೆ?"

"ಕಿವಿ ಇನ್ನೂ ಚೆನ್ನಾಗಿದೆ."

ಮರುಭೂಮಿ ಕಡೆಯ ಗಾಳಿ ಆ ತಿಂಗಳಲ್ಲಿ ಬೀಸುವುದು ನಿಜ. ಸಂಜೆ ಹೊತ್ತಿಗೆ ನಿಲ್ಲುವುದೂ ನಿಜ. ಎಲ್ಡನ್ ಸಂಜೆಗಳನ್ನು ಬೇರೆ ಕೆಲಸಕ್ಕೆ ಬಳಸಿಕೊಂಡ. ಚಾನೋನ ಬೀದಿಯಲ್ಲಿ ವಾಕಿಂಗ್ ಶುರು ಮಾಡಿದ. ಅದಕ್ಕೆ ಮುಂಚೆ ಅವನು ಯಾವ ಬೀದಿಯಲ್ಲೂ ವಾಕಿಂಗ್ ಹೋದವನಲ್ಲ. ಕೂಪೆಯ ಸೀಟಿಗೆ ಹೊಸ ಹೊಲಿಗೆ ಬಿದ್ದಿತ್ತು. ಗಾಜಿನ ಸುತ್ತಲಿನ ರಬ್ಬರ್ ಹೊಸದು. ಒಂದು ದಿನ ಮನೆಯ ಮುಂದೆ ಪಕ್ಕದ ರಾಜ್ಯ ಅರಿಜೋನಾದ ನಂಬರಿನ ಪಿಕಪ್ ನಿಂತಿತ್ತು. ಚಕ್ರವಿಲ್ಲದೆ ದಿಮ್ಮಿಗಳ ಮೇಲೆ ನಿಂತಿದ್ದ ಕಾರಿನ ಕೆಳಗಿಂದ ಎರಡು ಬೂಟು, ಒಂದು ಟಾರ್ಚಿನ ಬೆಳಕು ಕಾಣುತ್ತಿದ್ದವು. ಬೂಟು ಹೆಂಗಸಿನದು.

ಶನಿವಾರ ಡೋನಟ್ ಅಂಗಡಿಯಲ್ಲಿ ಎಲ್ಡನ್ ಗಲ್ಲಾದಲ್ಲಿದ್ದ ಸೊಫೀಪ್‌ಳನ್ನು ವಿಚಾರಿಸಿದ. "ಚಾನೋ ಏನಾದ್ರೂ ಅಂದ್ನಾ?"

"ಅಂದ. ಜಾಮ್ ಇರೋದು ಬೇಡ, ಸಾದಾ ಕೊಡು ಅಂದ."

"ಅದಲ್ಲ. ಕಾರಿನ ವಿಷ್ಯ."

"ಅವ್ನೇ ಅಲ್ಲಿ ಕೂತಿದಾನಲ್ಲಪ್ಪ, ನಿನ್ ಬೆನ್ ಹಿಂದೆ. ನನ್ನನ್ ಯಾಕೆ ಕೇಳ್ತೀಯಾ?"

ಎಲ್ಡನ್ ತಿರುಗಿ ನೋಡಿದ. ಚಾನೋ ಡೋನಟ್ ಮುರಿಯುತ್ತ ಇತ್ತಲೇ ನೋಡುತ್ತಿದ್ದ. ಇಬ್ಬರೂ ಗಾಳಿಯ ಬಗ್ಗೆ ಮಾತಾಡಿದರು.

"ಆ ಅರಿಜೋನಾ ಗಾಡಿ ಯಾರದ್ದು?" ಎಂದು ಎಲ್ಡನ್ ಕೊನೆಗೆ ಕೇಳಿದ.

"ನೆಂಟರು."

ಚಾನೋನ ನೆಂಟರೆಲ್ಲ ಕೋಲ್ಟನ್‌ನಲ್ಲೋ ಮೆಕ್ಸಿಕೋದ ಸೊನೋರಾದಲ್ಲೋ ಇರುವವರು. ಎಲ್ಡನ್ ಅವರ ಎಷ್ಟೋ ಮದುವೆಗಳಲ್ಲಿ ಊಟ ಮಾಡಿದ್ದಾನೆ. ಅರಿಜೋನಾದಲ್ಲಿ ಯಾರೂ ಇಲ್ಲ.

ಮನೆಗೆ ಬಂದು ಹೆಂಡತಿ ಲೊರೇಟಾಗೆ ಹೇಳಿದ. ಅವಳು ಬೀನ್ಸ್ ಸೋಸುತ್ತಿದ್ದಳು.

"ಹೋಗಿ ಕೇಳ್ಬಾರ್ದಾ? ಎರಡು ಬೀದಿ ಆಚೆ ಇದಾನೆ."

"ಕೇಳಿದ್ರೆ ಸುಳ್ಳು ಹೇಳ್ತಾನೆ."

"ಕೇಳ್ದೇ ಇದ್ರೆ ನಿಜ ಹೇಳ್ತಾನಾ?"

"ಚಕ್ರ ಹೇಳ್ತಿದೆ ಕಣೇ. ಕೆಂಪು ಅಂದ್ರೆ ಇನ್ನೇನು?"

"ಚಕ್ರಕ್ಕೆ ಬಾಯಿಲ್ಲ ಮಾರಾಯ. ನಿಮ್ಮಿಬ್ರಿಗೂ ಇದೆ," ಎಂದು ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಗಾಳಿ ಪೂರ್ತಿ ನಿಂತಿತು. ಇನ್ನು ನೆಪವಿರಲಿಲ್ಲ. ಎಲ್ಡನ್ ಚಕ್ರಗಳನ್ನು ಉಜ್ಜಿ ತೊಳೆದು ಮೊಳೆಗೆ ನೇತುಹಾಕಿ, ಬಣ್ಣ ಕಲಸಲು ಕೂತ. ಕಲಸಿದ್ದು ಕೆಂಪಲ್ಲ. ಕಾರ್ಖಾನೆಯ ಯಂತ್ರಗಳಿಗೆ ಬಳಿಯುತ್ತಿದ್ದ ಹಸಿರು ಅವನ ನೆನಪಿನಲ್ಲಿತ್ತು: ತೆಳು, ಮಂಕು, ಸರ್ಕಾರಿ ಶಾಲೆಯ ಕಕ್ಕಸಿನ ಗೋಡೆಯಂಥದ್ದು. ಬೂದು ಬಣ್ಣದ ಪಕ್ಕದಲ್ಲಿ ಅದಕ್ಕಿಂತ ಕೆಟ್ಟದ್ದು ಇರಲಾರದು ಎಂದು ಅವನಿಗೆ ಖಾತ್ರಿಯಿತ್ತು. ಇಂಥ ಚಕ್ರದ ಕಾರನ್ನು ಯಾವ ಹುಚ್ಚನೂ ಕೊಳ್ಳುವುದಿಲ್ಲ. ಎಂದಿನ ಅಚ್ಚುಕಟ್ಟಿನಲ್ಲೇ, ಒಂದು ಹನಿಯೂ ಇಳಿಯದಂತೆ, ನಾಲ್ಕಕ್ಕೂ ಹಸಿರು ಹೊಡೆದ.

ಒಯ್ಯಲು ಬಂದ ಚಾನೋ ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ನೋಡಿದ.

"ಕೆಂಪು ಅಂದಿದ್ದೆ."

"ಬೂದುಗೆ ಕೆಂಪು ಹೊಂದಲ್ಲ."

"ಬಿಸಿಲಲ್ಲಿ ಇಟ್ಟು ನೋಡ್ದ್ಯಾ?"

"ನೋಡ್ದೆ."

ನೋಡಿರಲಿಲ್ಲ. ಚಾನೋ ಊರುಗೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕಾದ. ಎಲ್ಡನ್ ಬ್ರಷ್ ಒರೆಸುತ್ತಲೇ ಇದ್ದ. "ಸರಿ ಬಿಡು," ಎಂದ ಚಾನೋ. ಪಿಕಪ್ಪಿಗೆ ಎಲ್ಡನ್‌ನೇ ಏರಿಸಿಕೊಟ್ಟ.

ಜಗಳವಾಗಲಿಲ್ಲ ಎಂಬುದೇ ಎಲ್ಡನ್‌ನನ್ನು ಕೊರೆಯತೊಡಗಿತು. ಒಂದು ಗೆರೆ ಓರೆಯಾದರೆ ಬಾಯಿಗೆ ಬಂದಂತೆ ಕೂಗಾಡುವ ಮನುಷ್ಯ ಚಾನೋ. ಹಸಿರನ್ನು ಒಪ್ಪಿಕೊಂಡು ಹೋದನೆಂದರೆ ಅದರಲ್ಲೂ ಏನೋ ಇರಬೇಕು.

ಮುಂದಿನ ಶನಿವಾರ ಕೂಪೆ ಹಸಿರು ಚಕ್ರದಲ್ಲಿ ಡೋನಟ್ ಅಂಗಡಿಯ ಮುಂದೆ ಬಂದು ನಿಂತಿತು. ಗುಂಪು ಕಾಫಿ ಹಿಡಿದು ಸುತ್ತುವರಿಯಿತು.

"ಏನ್ ಚಾನೋ, ಗಾಡಿಗೆ ಕಾಮಾಲೆನಾ?"

"ಬಟಾಣಿ ಸೂಪಲ್ಲಿ ಅದ್ದಿ ತೆಗ್ದಂಗಿದೆ."

"ಎಲ್ಡನ್ ಮಾಡಿದ್ದಂತೆ. ಕಣ್ಣು ತೋರಿಸ್ಕೊಳ್ಳೋಕೆ ಹೇಳಿ."

ಎಲ್ಡನ್ ಕಾಫಿ ಕುಡಿದ. ಅವನಿಗೆ ಬೇಕಾಗಿದ್ದುದೂ ಇದೇ. ಅಷ್ಟರಲ್ಲಿ ಅರಿಜೋನಾ ಪಿಕಪ್ ಬಂತು. ಹಿಂದೆ ಖಾಲಿ ಟ್ರೈಲರ್. ಇಳಿದವಳು ನಲವತ್ತರ ಆಸುಪಾಸಿನ ಹೆಂಗಸು, ಕೋರಾ ಲಿಂಡ್‌ಗ್ರೆನ್. ಅರಿಜೋನಾದ ಪ್ರೆಸ್ಕಾಟ್‌ನಲ್ಲಿ ಲೇತ್ ಅಂಗಡಿ ನಡೆಸುವವಳು. ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಫೋಟೋದಲ್ಲಿ ಕಪ್ಪಿತ್ತು," ಎಂದಳು.

"ಹೂಂ," ಎಂದ ಚಾನೋ.

"ಕೆಂಪು ಹಾಕ್ಸಿಟ್ಟಿರ್ತೀರಿ ಅಂದ್ಕೊಂಡೇ ಬಂದೆ. ಹಾಕ್ಸಿದ್ರೆ ಗಾಡಿ ಇಳಿಯದೇನೇ ವಾಪಸ್ ಹೋಗೋಳು. ನಾಲ್ಕು ಕಡೆ ನೋಡಾಯ್ತು, ಎಲ್ಲಾ ಕಡೆ ಕೆಂಪು ಚಕ್ರ, ಕೆಳಗೆಲ್ಲ ತುಕ್ಕು ಮುಚ್ಚೋ ಪುಟ್ಟಿ. ನಿಮ್ದು ಅಷ್ಟು ಚೆನ್ನಾಗಿರೋದು ನೋಡಿ ಜಾಸ್ತಿ ಅನುಮಾನ ಬಂತು. ಈ ಹಸಿರು ನೋಡಿದ್ರೆ, ಮಾರೋರು ಯಾರೂ ಹಿಂಗ್ ಮಾಡ್ಕೊಳ್ಳಲ್ಲ."

ಅವಳು ಟಾರ್ಚ್ ತರಲು ಪಿಕಪ್ಪಿಗೆ ಹೋದಳು. ಎಲ್ಡನ್ ಚಾನೋನ ಪಕ್ಕಕ್ಕೆ ಬಂದ.

"ನೆಂಟರು ಅಂದೆ."

"ಮತ್ತೇನ್ ಅನ್ನಲಿ? ಅಷ್ಟ್ ಜನದ ಮುಂದೆ?"

"ಮಾರ್ತಿದ್ದೀಯಾ?"

"ಈಗ ಕೇಳ್ತಿದೀಯಾ," ಎಂದ ಚಾನೋ. ದನಿ ಏರಿಸಲಿಲ್ಲ. "ಸೊಂಟ ಹೋಗಿದೆ ಎಲ್ಡನ್. ಕ್ಲಚ್ ತುಳಿಯೋಕಾಗ್ತಿಲ್ಲ. ಇವತ್ತು ಅಳಿಯ ಓಡಿಸ್ಕೊಂಡ್ ಬಂದಿದ್ದು. ಅದನ್ನ ಬಾಯಿಬಿಟ್ಟು ಹೇಳೋಕೆ ನಂಗಾಗ್ಲಿಲ್ಲ. ಕೆಂಪು ಅಂದೆ. ಚಕ್ರಕ್ಕೆ ಕೆಂಪು ಹೊಡ್ಕೊಳ್ಳೋಕೆ ನಂಗೇನ್ ಬರಲ್ವಾ? ನಿನ್ ಹತ್ರ ಯಾಕೆ ತಂದೆ? ನೀನು ಯಾಕೆ ಅಂತೀಯ, ಮಾರ್ತೀಯಾ ಅಂತೀಯ, ಆಗ ಮಿಲೋ ಎಂಜಿನ್ ಇರೋ ಗಾಡಿ, ನೀನೇ ಇಟ್ಕೋ ಅಂತ ಹೇಳೋಣ ಅಂತಿದ್ದೆ. ನೀನು ಊರಲ್ಲಿರೋರನ್ನೆಲ್ಲ ಕೇಳ್ದೆ, ನನ್ನೊಬ್ಬನನ್ನ ಬಿಟ್ಟು."

"ಹಸಿರು ಹಾಕಿದಾಗ ಬಯ್ಯಬಹುದಿತ್ತಲ್ಲ."

"ಇವನಿಗೆ ಗಾಡಿ ಬೇಕಾಗಿಲ್ಲ, ನನ್ ಮೇಲೆ ಸಿಟ್ಟಷ್ಟೇ ಅಂತ ಅಂದ್ಕೊಂಡೆ."

ಕೋರಾ ಟಾರ್ಚ್ ಹಿಡಿದು ವಾಪಸ್ ಬಂದಳು. ಗುಂಪಿನಲ್ಲಿ ಯಾರೋ ಹೇಳಿರಬೇಕು, ನೇರ ಎಲ್ಡನ್‌ನ ಮುಂದೆ ನಿಂತಳು.

"ಬಣ್ಣ ಹಾಕಿದ್ದು ನೀವಂತೆ. ಯಾಕೆ ಈ ಹಸಿರು?"

ಇಡೀ ಜೀವಮಾನ ಅವನು ಬೇರೆಯವರನ್ನು ಕೇಳಿದ ಪ್ರಶ್ನೆ. ಅವಳಿನ್ನೂ ತೀರ್ಮಾನಿಸಿರಲಿಲ್ಲ. ಸುಮ್ನೆ ಎಂದಿದ್ದರೆ ಅವಳ ಅನುಮಾನ ಮತ್ತೆ ಎದ್ದು, ಖಾಲಿ ಟ್ರೈಲರ್ ಖಾಲಿಯಾಗಿಯೇ ಹೋಗುತ್ತಿತ್ತೇನೋ. ಎಲ್ಡನ್ ಚಾನೋನನ್ನು ನೋಡಿದ. ಚಾನೋ ನೆಲ ನೋಡುತ್ತಿದ್ದ.

"ಇದನ್ನ ಯಾರೂ ಕೊಳ್ಬಾರ್ದು ಅಂತ ಹಾಕ್ದೆ," ಎಂದ ಎಲ್ಡನ್. "ಇದರ ಎಂಜಿನ್ ನನ್ ತಮ್ಮನ ಕೈದು. ಊರು ಬಿಟ್ಟು ಹೋಗೋದು ನಂಗಿಷ್ಟ ಇರ್ಲಿಲ್ಲ."

ಆ ಮಾತು ಹೇಳುವಾಗ ಮಾರಾಟ ಮುರಿಯಲಿ ಎಂದು ಆಸೆ ಇತ್ತೇ ಎಂದು ಕೇಳಿದರೆ ಅವನು ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತಾನೆ.

ಕೋರಾ ಟಾರ್ಚ್ ಆರಿಸಿದಳು. "ಹಂಗಾದ್ರೆ ಕೆಳಗೆ ಇನ್ನೊಂದ್ಸಲ ನೋಡೋ ಅಗತ್ಯ ಇಲ್ಲ," ಎಂದಳು. "ಕೆಟ್ಟ ಗಾಡಿಗೆ ಯಾರೂ ಇಷ್ಟು ಒದ್ದಾಡಲ್ಲ." ಚಾನೋನ ಕಡೆ ತಿರುಗಿ ಕೈ ಚಾಚಿದಳು. ಚಾನೋ ಎಲ್ಡನ್‌ನತ್ತ ಒಮ್ಮೆ ನೋಡಿ, ಆಮೇಲೆ ಕೈ ಕೊಟ್ಟ. ಇಲ್ಲಿನವರು ಕೈ ಕೊಟ್ಟ ಮೇಲೆ ಹಿಂತೆಗೆಯುವುದಿಲ್ಲ.

ಕೂಪೆಯನ್ನು ಟ್ರೈಲರಿಗೆ ಹತ್ತಿಸಿ ಪಟ್ಟಿ ಬಿಗಿದದ್ದು ಎಲ್ಡನ್. ಬೇರೆಯವರು ಬಿಗಿದರೆ ಚಕ್ರಕ್ಕೆ ಗೀರು ಬೀಳುತ್ತದೆ ಎಂದ.

"ಮೈಗೆ ಬಣ್ಣ ಹಾಕ್ಸ್ತೀಯಾ?" ಎಂದು ಕೊನೆಗೆ ಕೋರಾಳನ್ನು ಕೇಳಿದ.

"ಯಾಕೆ?"

"ಹಾಕ್ಸ್ಬೇಡ."

ಅವಳು ಮಾತು ಕೊಡಲಿಲ್ಲ. ನೋಡೋಣ ಎಂದು ಹೊರಟಳು.

ಈಗ ಶನಿವಾರಗಳಲ್ಲಿ ಚಾನೋ ಎಲ್ಡನ್‌ನ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. ಅವರು ಮೊದಲಿಗಿಂತ ಹೆಚ್ಚೇನೂ ಮಾತಾಡುವುದಿಲ್ಲ. ಎದುರು ಬೇಲಿಗೆ ಹೋಗಿ ಬಣ್ಣ ನೋಡಲು ಮಾತ್ರ ಈಗ ನಾಲ್ಕು ಕಣ್ಣುಗಳಿವೆ. ಚಳಿಗಾಲ ಕಳೆಯುವ ಹೊತ್ತಿಗೆ ಹೊಸದೊಂದು ಕಾಟ ಶುರುವಾಗಿದೆ. ಕೋರಾ ಎಲ್ಲೋ ಕಾರು ತೋರಿಸಿರಬೇಕು. ಬೂದು ಪ್ರೈಮರಿನ ಗಾಡಿಯವರು ಬಂದು ಆ ಹಸಿರೇ ಬೇಕು ಎನ್ನುತ್ತಿದ್ದಾರೆ. ಮೊನ್ನೆ ರಿಯಾಲ್ಟೋದಿಂದ ಒಬ್ಬ ಬಂದಿದ್ದ.

"ಯಾಕೆ?" ಎಂದ ಎಲ್ಡನ್.

"ಚೆನ್ನಾಗಿ ಕಾಣುತ್ತೆ ಸರ್. ಈಗ ಎಲ್ರೂ ಕೇಳ್ತಿದಾರೆ."

"ಮಾರ್ತಿದ್ದೀಯಾ?"

ಬಂದವನು ಚಾನೋನ ಮುಖ ನೋಡಿದ. "ಅದು... ಹೂಂ."

ಎಲ್ಡನ್ ಕೈ ಒರೆಸಿಕೊಂಡು ಕಪಾಟಿನಿಂದ ಕೆಂಪು ಡಬ್ಬಿ ಕೆಳಗಿಳಿಸಿದ.