ಅಕ್ಕ ಮಗುಚಿಟ್ಟ ಬಸವನಹುಳು

ಕುರ್ಲಾದಲ್ಲಿ ಅಕ್ಕನ ಖೋಲಿಯ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ಹಾಸಿಗೆ ಬಟ್ಟೆ ಇರಬೇಕೆಂದು ನಾನು ಬಹಳ ವರ್ಷ ತಿಳಿದಿದ್ದೆ. ಇದ್ದದ್ದು ಕಲ್ಲು. ಧಾರವಾಡ ಪೇಢೆಯ ಖಾಲಿ ಡಬ್ಬಿಗಳೊಳಗೆ, ಹಳೇ ಸೀರೆಯ ಚೂರುಗಳ ನಡುವೆ, ಒಂದೊಂದಾಗಿ ಮಲಗಿಸಿಟ್ಟ ಬೂದು ಬಣ್ಣದ ಕಲ್ಲುಗಳು. ಪ್ರತಿ ಕಲ್ಲಿಗೂ ಬಿಳಿ ಬಣ್ಣದ ಒಂದು ಚುಕ್ಕೆ, ಚುಕ್ಕೆಯೊಳಗೆ ಇರುವೆ ಸಾಲಿನಷ್ಟು ಸಣ್ಣಗೆ ಬರೆದ ನಂಬರು. ಹೆಸರು ಮಾತ್ರ ಒಂದಕ್ಕೂ ಇಲ್ಲ.

ಅಕ್ಕ ಟೌನ್ ಕಡೆಯ, ಎಂದರೆ ಶಹರದ ದಕ್ಷಿಣ ತುದಿಯ, ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಲ್ಯಾಬ್ ಅಸಿಸ್ಟಂಟ್ ಆಗಿದ್ದಳು. ಬೇಸಿಗೆಯಲ್ಲಿ ಹುಡುಗರನ್ನು ಹಿಮಾಲಯದ ಸ್ಪಿತಿ ಕಣಿವೆಗೆ ಕರೆದುಕೊಂಡು ಹೋಗುವಾಗ ಕಲ್ಲು ಕಟ್ಟಿ ತರುವ ಕೆಲಸ ಇವಳದು. ಪ್ರೊಫೆಸರರು ಬೇಡವೆಂದು ಬಿಟ್ಟದ್ದನ್ನು ಕೇಳಿ ತಂದುಕೊಳ್ಳುತ್ತಿದ್ದಳಂತೆ. ಅವು ಬರೀ ಕಲ್ಲಲ್ಲ, ಹಿಮಾಲಯ ಇನ್ನೂ ಸಮುದ್ರದ ತಳವಾಗಿದ್ದಾಗ ಅಲ್ಲಿ ಹರಿದಾಡಿದ ಬಸವನಹುಳುಗಳು. ಆರ್ಡೊವಿಶಿಯನ್ ಎಂಬ ಕಾಲದವು, ಸುಮಾರು ನಲವತ್ತೈದು ಕೋಟಿ ವರ್ಷ ಹಳೆಯವು. ನಲವತ್ತೈದು ಕೋಟಿ ಎಂದರೆ ಎಷ್ಟು ಎಂಬುದು ನನ್ನ ತಲೆಗೆ ಇವತ್ತಿಗೂ ಹೋಗಿಲ್ಲ. ದಾದರ್ ಸ್ಟೇಷನ್ನಿನಲ್ಲಿ ಯಾವ ಪ್ಲಾಟ್‌ಫಾರ್ಮ್ ಎಲ್ಲಿ ಎಂಬುದೇ ಈಗೀಗ ನನಗೆ ತಪ್ಪುತ್ತದೆ.

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ಹೋಯಿತು. ಮೆಲ್ಲಗೆ ನಡೆಯುತ್ತಿದ್ದಳು, ಎಡಗೈಯಿಂದ ಉಣ್ಣುತ್ತಿದ್ದಳು, ಆದರೆ ಬಾಯಿಂದ ಹೊರಡುತ್ತಿದ್ದದ್ದು ಒಂದೇ ಶಬ್ದ: "ಅಲ್ಲ." ಚಹಾ ಬೇಕಾ ಎಂದು ಕೇಳಿದರೂ "ಅಲ್ಲ" ಎನ್ನುವಳು, ತಂದು ಕೊಟ್ಟರೆ ಕುಡಿಯುವಳು. ನಾನು ಬಂದರೂ "ಅಲ್ಲ", ಹೊರಟರೂ "ಅಲ್ಲ". ಒಳಗೆ ತಿಳುವಳಿಕೆ ಎಷ್ಟು ಉಳಿದಿದೆ ಎಂದು ಡಾಕ್ಟರಿಗೇ ಹೇಳಲಾಗಲಿಲ್ಲ. ಇರಬಹುದು ಅಂದರು, ಇಲ್ಲದೆಯೂ ಇರಬಹುದು ಅಂದರು. ಅಂಥ ಮಾತು ಹೇಳುವುದಕ್ಕೆ ಅಷ್ಟೊಂದು ಓದಬೇಕೇ ಎಂದು ನನಗೆ ಸಿಟ್ಟು ಬಂದಿತ್ತು.

ನಾವು ಮೂವರು. ಅಕ್ಕ ಹಿರಿಯಳು, ನಡುವೆ ಅಣ್ಣ, ಕೊನೆಯವಳು ನಾನು. ಅಣ್ಣ ಗ್ರಾಂಟ್ ರೋಡಿನಲ್ಲಿ, ನಾನು ಬಾಂದ್ರಾದಲ್ಲಿ. ಅಕ್ಕನಿಗೆ ಮದುವೆಯಾಗಲಿಲ್ಲ, ಆಗಬೇಕೆಂಬ ಗಡಿಬಿಡಿಯೂ ಅವಳಿಗಿರಲಿಲ್ಲ. ತನ್ನ ದುಡಿಮೆಯಲ್ಲಿ ಮಾಡಿಕೊಂಡ ಆ ಒಂದು ಖೋಲಿಯ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಊರೆಲ್ಲ ತಿರುಗಿದವಳು. ಆಸ್ಪತ್ರೆಗೆ ಸೇರಿಸಿದ ದಿನ ಅಣ್ಣ ಆ ಗಂಟು ಬಿಚ್ಚಿ ಕೀಲಿ ತನ್ನ ಜೇಬಿಗೆ ಹಾಕಿಕೊಂಡಿದ್ದ. ಅವಳು ಮನೆಗೆ ಬಂದ ಮೇಲೂ ಕೊಟ್ಟಿರಲಿಲ್ಲ. ಹಗಲು ರಾತ್ರಿ ಜೊತೆಗಿರಲು ಒಬ್ಬ ಕೆಲಸದ ಹೆಂಗಸನ್ನು ಇಟ್ಟಿದ್ದೆವು, ಬಾಗಿಲು ತೆಗೆಯುವುದು ಹಾಕುವುದು ಅವಳ ಕೈಯಲ್ಲಿತ್ತು.

"ಹಿಂಗ ಎಷ್ಟು ದಿನಾ?" ಎಂದ ಅಣ್ಣ ಒಂದು ದಿನ. "ಖೋಲಿಗೆ ಕೀಲಿ ಹಾಕಿ ಅಕ್ಕನ್ನ ನಮ್ಮ ಮನಿಗೆ ಕರಕೊಂಡು ಹೋಗ್ತೀನಿ. ಆಕಿಗೆ ಎಲ್ಲಿದ್ರೂ ಒಂದs. ಏನೂ ತಿಳಿಯೂದಿಲ್ಲ."

"ಆಕಿಗೆ ತಿಳೀತದ," ಎಂದೆ ನಾನು.

"ಹಂಗಾದ್ರ ತೋರಿಸು. ಆಕಿ ಕಲ್ಲು ಆಕಿ ಗುರುತು ಹಿಡೀಲಿ, ಸಾಕು. ಆವಾಗ ಕೀಲಿ ಆಕಿ ಕೈಯಾಗ ಕೊಟ್ಟುಬಿಡ್ತೀನಿ. ಇಲ್ಲಾಂದ್ರ ಬರೂ ಐತವಾರ ನಮ್ಮ ಮನಿಗೆ."

ಅಣ್ಣ ಕೆಟ್ಟವನಲ್ಲ. ಅವನಿಗೆ ಹೆದರಿಕೆ, ಅಷ್ಟೆ. ಆದರೆ ಅಕ್ಕನನ್ನು ಆ ಖೋಲಿಯಿಂದ ಎಬ್ಬಿಸಿದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಅನಿಸುತ್ತಿತ್ತು. ಹೀಗಾಗಿ ಟ್ರಂಕನ್ನು ಎಳೆದು ಕೂತೆ. ಅಕ್ಕನನ್ನು ಪರೀಕ್ಷೆ ಮಾಡಬೇಕಾದರೆ ಉತ್ತರ ಮೊದಲು ನನಗೆ ಗೊತ್ತಿರಬೇಕಲ್ಲ.

ಫೋನಿನಲ್ಲಿ ಚಿತ್ರಗಳನ್ನು ನೋಡಿದೆ, ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದೆ. ನೋಡಿದಷ್ಟೂ ಕಣ್ಣಿಗೆ ಕತ್ತಲೆ ಕಟ್ಟಿತು. ಸುರುಳಿ ಎಷ್ಟು ಸುತ್ತು, ಬಾಯಿ ದುಂಡಗೋ ಮೂಲೆಯಾಗೋ, ಅಂಚಿನಲ್ಲಿ ಸೀಳು ಉಂಟೋ ಇಲ್ಲವೋ. ಒಂದು ಚಿತ್ರದ ಹತ್ತಿರ ಹಿಡಿದರೆ ಅದೇ ಇದು ಎನ್ನಿಸುವುದು, ಇನ್ನೊಂದರ ಹತ್ತಿರ ಹಿಡಿದರೆ ಅದೂ ಇದೇ. ಲ್ಯಾಟಿನ್ ಹೆಸರುಗಳಂತೂ ನಾಲಿಗೆಗೆ ಹತ್ತಲೇ ಇಲ್ಲ. ಹೆಚ್ಚಿನವು ಮೊನೆಯಾದ ಗೋಪುರದ ಆಕಾರದವು, ಹೇಗಿಟ್ಟರೂ ಉರುಳಿಬೀಳುತ್ತಿದ್ದವು. ಅಡ್ಡ ಮಲಗಿಸಿ ಚೀಟಿ ಅಂಟಿಸಿದೆ.

ಹನ್ನೊಂದನೇ ನಂಬರಿನದು ಬೇರೆ ಥರ ಇತ್ತು. ಅಂಗೈಯಗಲ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ನಡುವೆ ಆಳವಾದ ಕುಳಿ. ನಾನು ಜೀವನವಿಡೀ ಆಫೀಸಿನಲ್ಲಿ ಫೈಲು ಜೋಡಿಸಿದವಳು. ನಂಬರು ಕಣ್ಣಿಗೆ ಕಾಣುವಂತೆ ಇಡುವುದು ನನ್ನ ಕೈಗೆ ಹತ್ತಿದ ಅಭ್ಯಾಸ. ನಂಬರು ಇದ್ದದ್ದು ಚಪ್ಪಟೆ ಕಡೆಗೆ. ಅದನ್ನೇ ಮೇಲೆ ಮಾಡಿ ಇಟ್ಟೆ. ನಡುವಿನಿಂದ ಹೊರಗೆ ಬೆರಳಾಡಿಸಿದೆ. ಉಳಿದ ಹುಳುಗಳ ಸುರುಳಿ ಗಡಿಯಾರದ ಮುಳ್ಳು ಹೋದ ಹಾಗೆ ಹೋಗುತ್ತಿತ್ತು, ಇದೊಂದರದು ಹಿಂದಕ್ಕೆ ತಿರುಗಿತ್ತು.

ಪುಸ್ತಕದಲ್ಲಿ ಇಂಥದ್ದಕ್ಕೆ ಎಡಸುರುಳಿ ಎಂದಿದ್ದಾರೆ. ಆದರೆ ಪುಸ್ತಕದವರು ಚಿಪ್ಪಿನ ನೆತ್ತಿಯನ್ನು ಮೇಲೆ ಹಿಡಿದು ನೋಡುತ್ತಾರೆ, ನಮ್ಮ ದೇವರಮನೆಗಳಲ್ಲಿ ಶಂಖವನ್ನು ಬಾಲ ಮೇಲಾಗಿ ಹಿಡಿಯುತ್ತೇವೆ. ಹಾಗಾಗಿ ಅವರ ಎಡ ನಮಗೆ ಬಲ. ಅವರ ಎಡಸುರುಳಿಯೆಂದರೆ ನಮ್ಮ ಬಲಮುರಿ. ಲಕ್ಷಕ್ಕೊಂದು ಸಿಗುತ್ತದೆ, ಮನೆಗೆ ಬಂದರೆ ಒಳ್ಳೆಯದಾಗುತ್ತದೆ ಎಂದು ಅವ್ವ ಹೇಳುತ್ತಿದ್ದದ್ದು ಬಲಮುರಿ ಶಂಖದ ವಿಷಯ. ಅವಳ ಆಯುಷ್ಯದಲ್ಲಿ ಒಂದನ್ನೂ ಕಾಣಲಿಲ್ಲ. ಅಕ್ಕನ ಮಂಚದ ಕೆಳಗೆ ಇಷ್ಟು ವರ್ಷ ಇತ್ತೇ?

ಪಕ್ಕದ ಖೋಲಿಯ ಮರಾಠಿ ಕಾಕೂಗೆ ತೋರಿಸಿದೆ, ತೋರಿಸಬಾರದಿತ್ತು. "ಅಗಬಾಈ! ಹಾ ತರ್ ದಕ್ಷಿಣಾವರ್ತಿ ಆಹೇ!" ಎಂದು ತನ್ನ ಮಾತಿನಲ್ಲಿ ಬಲಮುರಿಯ ಹೆಸರು ಹೇಳಿದವಳೇ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಸಂಜೆಯೊಳಗೆ ಅದೇ ಮಹಡಿಯ ನಾಲ್ಕು ಮನೆಯವರು ಬಂದು ಕೈಮುಗಿದು ಹೋದರು. ನನಗೂ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ. ಬಲಮುರಿ ಮನೆಯಲ್ಲಿದ್ದ ಮೇಲೆ ಅಕ್ಕನಿಗೆ ಮಾತು ಬರದೇ ಇರುತ್ತದೆಯೇ ಎಂದುಕೊಂಡೆ. ಅಕ್ಕ ಮಂಚದ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. "ಅಲ್ಲ," ಎಂದಳು. ಯಾರೂ ಗಮನಿಸಲಿಲ್ಲ. ಅವಳು ಯಾವಾಗಲೂ ಅನ್ನುವುದು ಅದನ್ನೇ ತಾನೆ.

ಶುಕ್ರವಾರ ಅಣ್ಣ ಬಂದ. ಅಕ್ಕನ ಮುಂದೆ ಸ್ಟೂಲಿನ ಮೇಲೆ ಐದು ಕಲ್ಲುಗಳನ್ನು ಜೋಡಿಸಿದೆ, ನಡುವೆ ಬಲಮುರಿ, ನಂಬರು ಮೇಲಾಗಿ.

"ಅಕ್ಕಾ, ಬಲಮುರಿ ಯಾವುದs?" ಎಂದು ನಾನು ಹೇಳಿಕೊಟ್ಟಂತೆ ಕೇಳಿದ ಅಣ್ಣ.

ಅಕ್ಕ ಎಡಗೈ ಚಾಚಿ ನೇರ ಅದನ್ನೇ ಎತ್ತಿಕೊಂಡಳು. ನಾನು ಗೆದ್ದೆ ಎಂದುಕೊಂಡೆ. ಆದರೆ ಅವಳು ಅದನ್ನು ಮಗುಚಿ, ಕುಳಿ ಮೇಲಾಗಿ ಇಟ್ಟಳು. ಸುರುಳಿಯೂ ಮರೆಯಾಯಿತು, ನಂಬರೂ ಮರೆಯಾಯಿತು.

"ಹಂಗಲ್ಲ ಅಕ್ಕ," ಎಂದು ನಾನು ತಿರುಗಿಸಿ ಇಟ್ಟೆ.

ಅವಳು ಮತ್ತೆ ಮಗುಚಿದಳು. ನಾನು ಮತ್ತೆ ಸರಿಮಾಡಿದೆ. ಮೂರನೆಯ ಸಲ ಮಗುಚಿ ಕಲ್ಲನ್ನು ಸ್ಟೂಲಿಗೆ ಕುಕ್ಕಿದಳು. "ಅಲ್ಲ! ಅಲ್ಲ! ಅಲ್ಲ!"

ಅಣ್ಣ ನನ್ನ ಮುಖ ನೋಡಿದ. "ಸಣ್ಣ ಮಕ್ಕಳು ಮುಚ್ಚಿಡ್ತಾವಲಾ, ಹಂಗ ಮಾಡ್ಲಿಕ್ಕತ್ತಾಳ," ಎಂದ. ಕಣ್ಣು ಒರೆಸಿಕೊಂಡ. "ಇನ್ನ ಏನ ಕೇಳೂದದ?"

"ಇಲ್ಲ, ಆಕಿಗೆ ಗುರುತ ಹತ್ತಲಿಲ್ಲ," ಎಂದು ನಾನೇ ಅಂದೆ. ಅಕ್ಕನ ಎದುರಿಗೇ ಅಂದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಮಾತು ನೆನಪಾದಾಗ ಈಗಲೂ ಬಾಯಿ ಸುಟ್ಟ ಹಾಗಾಗುತ್ತದೆ.

ಖೋಲಿ ಮುಚ್ಚುವುದಾದರೆ ಕಲ್ಲುಗಳನ್ನೇನು ಮಾಡುವುದು? ಅಕ್ಕನ ಹಳೇ ಕಾಲೇಜಿಗೆ ಕೊಡುವುದೆಂದಾಯಿತು. ಶನಿವಾರ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋದೆ. ಅಲ್ಲಿದ್ದ ಮೇಡಂ ಮೂವತ್ತರೊಳಗಿನ ಹುಡುಗಿ. ತಂದೆತಾಯಿ ವಿಜಯಪುರದವರಂತೆ, ಇವಳ ಕನ್ನಡ ಮಾತ್ರ ತಡವರಿಸುತ್ತಿತ್ತು. ನಾನು ಹನ್ನೊಂದನೇ ನಂಬರನ್ನು ದೊಡ್ಡಸ್ತಿಕೆಯಿಂದ ತೆಗೆದು ಮೇಜಿನ ಮೇಲಿಟ್ಟೆ. ಕುಂಕುಮ ಇನ್ನೂ ಸಂದಿನಲ್ಲಿತ್ತು. "ಬಲಮುರಿ," ಎಂದೆ.

ಅವಳು ಕಲ್ಲು ಎತ್ತಿಕೊಂಡು ನೋಡಿದಳು. ಆಮೇಲೆ ಮಗುಚಿ ಇಟ್ಟಳು. ಕುಳಿ ಮೇಲೆ, ನಂಬರು ಕೆಳಗೆ.

ನನ್ನ ಕೈ ತಾನಾಗಿ ಮುಂದೆ ಹೋಗಿ ಅದನ್ನು ತಿರುಗಿಸಿತು.

"ನೋ ನೋ ಆಂಟಿ," ಎಂದು ನಕ್ಕು ಅವಳು ಮತ್ತೆ ಮಗುಚಿದಳು. "ಇದು ಹೀಗೇ ಕೂಡ್ತದೆ. ಫ್ಲ್ಯಾಟ್ ಸೈಡ್ ನೀಚೆ, ಕೆಳಗೆ. ಈ ಹುಳು ಇದೆಯಲ್ಲ, ಸಮುದ್ರದಲ್ಲಿ ಚಪಟಾ ಹೊಟ್ಟೆ ಮೇಲೆ ಕೂತಿತ್ತು. ಸಬ್ ಲೋಗ್ ಉಲ್ಟಾ ಇಡ್ತಾರೆ, ಅದಕ್ಕೆ ಲೆಫ್ಟ್ ಅನಿಸ್ತದೆ. ಸ್ಟೂಡೆಂಟ್ಸ್‌ಗೂ ಹೀಗೇ ಆಗ್ತದೆ. ಸೀದಾ ಇಟ್ಟರೆ ಇದೂ ಬಾಕಿ ಎಲ್ಲಾ ಥರಾನೇ."

"ನಂಬರು?" ಎಂದೆ.

"ನಂಬರ್ ಯಾವಾಗಲೂ ಕೆಳಗೆ ಬರೀತಾರೆ ಆಂಟಿ. ಕಾಣಬಾರದಲ್ಲ. ಯಾರು ಬರೆದದ್ದು? ತುಂಬಾ ನೀಟ್ ಇದೆ."

ಉಳಿದ ಡಬ್ಬಿಗಳನ್ನು ಅಲ್ಲೇ ಬಿಟ್ಟು, ಆ ಒಂದು ಕಲ್ಲನ್ನು ಕಿತ್ತುಕೊಂಡವಳಂತೆ ಎತ್ತಿಕೊಂಡು ಹೊರಟೆ. ಲೋಕಲ್ ರೈಲಿನಲ್ಲಿ ಕೂತು ಕಲ್ಲನ್ನು ತೊಡೆಯ ಮೇಲೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಇಟ್ಟೆ. ಬಲವೋ ಎಡವೋ ಈಗ ನನಗೆ ಏನೂ ತಿಳಿಯದಾಯಿತು. ತಿಳಿದದ್ದು ಒಂದೇ: ಅಕ್ಕ ನನಗೆ ಮೂರು ಸಲ ಹೇಳಿದ್ದಳು, ನಾನು ಎರಡು ಸಲ ಅದನ್ನು ತಿರುಗಿಸಿ ತಪ್ಪಾಗಿ ಇಟ್ಟಿದ್ದೆ. ಸಾಲದ್ದಕ್ಕೆ ಅವಳಿಗೆ ತಿಳಿಯುವುದಿಲ್ಲ ಎಂದು ಸಾಕ್ಷಿಯನ್ನೂ ಹೇಳಿ ಬಂದಿದ್ದೆ. ಕುರ್ಲಾ ಬಂದದ್ದೂ ಗೊತ್ತಾಗದೆ ಘಾಟ್ಕೋಪರ್‌ವರೆಗೆ ಹೋಗಿ ಮರಳಿ ಬಂದೆ.

ನಾನು ಖೋಲಿಗೆ ಮುಟ್ಟುವಷ್ಟರಲ್ಲಿ ಅಣ್ಣ ಒಂದು ದಿನ ಮೊದಲೇ ಬಂದು ಅಕ್ಕನ ಸೀರೆಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದ.

"ತಪ್ಪು ನಂದು," ಎಂದೆ ಬಾಗಿಲಲ್ಲೇ. "ಆಕಿ ಸರಿಯಾಗೇ ಇಟ್ಟಿದ್ಲು. ಕಲ್ಲು ಉಲ್ಟಾ ಹಿಡದಾಕಿ ನಾನು."

"ಏನ ಮಾತಾಡ್ತಿ? ಉಲ್ಟಾ ಅಂದ್ರ?"

ಹೇಳಲು ಹೋದೆ. ಚಪ್ಪಟೆ ಕಡೆ, ಹೊಟ್ಟೆ, ಪುಸ್ತಕದವರ ಎಡ, ನಮ್ಮ ಬಲ ಎಂದೆಲ್ಲ ಶುರುಮಾಡಿ ನಡುವೆಯೇ ನನಗೇ ಎಳೆ ತಪ್ಪಿತು. ಅಣ್ಣ ಬಾಯಿ ತೆರೆದು ನಿಂತಿದ್ದ. ಕೊನೆಗೆ ಮಾತು ಬಿಟ್ಟು ಸ್ಟೂಲನ್ನು ಅಕ್ಕನ ಮುಂದೆ ಎಳೆದೆ. ಕಲ್ಲನ್ನು ನಂಬರು ಮೇಲಾಗಿ ಇಟ್ಟೆ. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಎಷ್ಟು ದಣಿದ ನೋಟ! ಎಡಗೈ ಎತ್ತಿ ಮಗುಚಿದಳು. ನಾನು ಈ ಸಲ ಮುಟ್ಟಲಿಲ್ಲ. ಅಕ್ಕ ನನ್ನ ಕೈ ಮುಂದೆ ಬರುತ್ತದೆಂದು ಕಾದಳು, ಬರಲಿಲ್ಲ. ಸೆರಗಿನಿಂದ ಸಂದಿನ ಕುಂಕುಮ ಒರೆಸತೊಡಗಿದಳು.

"ಕಾಲೇಜಿನ ಮೇಡಂನೂ ಹಿಂಗs ಇಟ್ಟಳು," ಎಂದೆ ಅಣ್ಣನಿಗೆ. "ಆಕಿ ಹೇಳಲಿಲ್ಲ, ಕೇಳಲಿಲ್ಲ, ಕೈಯಾಗ ತೊಗೊಂಡಾಕಿನ ಹಿಂಗs ಇಟ್ಟಳು."

ಅಣ್ಣ ಮಂಚದ ತುದಿಗೆ ಕೂತ. ಆಮೇಲೆ ಜೇಬಿನಿಂದ ಕೀಲಿ ತೆಗೆದು ಕಲ್ಲಿನ ಪಕ್ಕ ಇಟ್ಟ. ಅವನಿಗೆ ಎಷ್ಟು ಅರ್ಥವಾಗಿತ್ತೋ ನನಗೆ ಗೊತ್ತಿಲ್ಲ, ನನಗಾದಷ್ಟೇ ಆಗಿದ್ದರೆ ಹೆಚ್ಚೇನೂ ಅಲ್ಲ.

ಅಕ್ಕ ಕೀಲಿಯನ್ನು ಎತ್ತಿಕೊಂಡಳು. ಸೆರಗಿನ ತುದಿಯೊಳಗೆ ಇಟ್ಟಳು, ಆದರೆ ಒಂದೇ ಕೈಯಿಂದ ಗಂಟು ಬೀಳುತ್ತಿರಲಿಲ್ಲ. ಸೆರಗನ್ನು ನನ್ನ ಕಡೆ ಚಾಚಿದಳು. ನಾನು ಅಳುತ್ತಲೇ ಅವಸರದಲ್ಲಿ ಗಂಟು ಹಾಕಿದೆ. ಅಕ್ಕ ಎಳೆದು ನೋಡಿದಳು.

"ಅಲ್ಲ," ಎಂದಳು.

ನಾನು ಬಿಚ್ಚಿ ಮತ್ತೊಮ್ಮೆ ಕಟ್ಟಿದೆ.